ಹತ್ತನೆಯ ಆಲಿಕೆ

ಎಲ್ಲಕ್ಕೂ ಕಾರಣ ಒಂದೂವರೆ ಲೀಟರ್ ನೀರು. ಹನ್ನೊಂದು ವರ್ಷಗಳ ನೌಕರಿಯಲ್ಲಿ ಎಣಿಕೆಯಕ್ಕ ಆ ಕಟ್ಟಡದೊಳಗೆ ಕೂತು ಅಷ್ಟು ನೀರು ಕುಡಿದದ್ದು ಅದೇ ಮೊದಲು.

ಅವಳ ಕೆಲಸ ಬೀಜ ಎಣಿಸುವುದು. ಬೀಜ ಪರೀಕ್ಷೆಯ ಪ್ರಯೋಗಾಲಯಕ್ಕೆ ಬರುವ ಪ್ರತಿ ಮಾದರಿಯಿಂದಲೂ ನಾನೂರು ಬೀಜ ಎಣಿಸಿ, ಒದ್ದೆ ಕಾಗದದ ಮೇಲೆ ಸಾಲಾಗಿ ಜೋಡಿಸಿ, ಎಷ್ಟು ಮೊಳಕೆಯೊಡೆದವು, ಎಷ್ಟು ಕೈಕೊಟ್ಟವು ಎಂದು ಬರೆದಿಡಬೇಕು. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಎಡಗೈ ಎತ್ತಿ ತಡೆಯುತ್ತಿದ್ದಳು. ಐವತ್ತು ಮುಗಿದ ಮೇಲೆಯೇ ‘ಹಾಂ, ಹೇಳಿ’ ಅನ್ನುತ್ತಿದ್ದಳು. ಕಚೇರಿಯವರು ಅವಳ ನಿಜವಾದ ಹೆಸರನ್ನು ಯಾವತ್ತೋ ಮರೆತಿದ್ದರು.

ಅವಳು ಎಣಿಸುತ್ತಿದ್ದುದು ಬೀಜವನ್ನಷ್ಟೇ ಅಲ್ಲ, ನೀರನ್ನೂ. ಮನೆ ಬಿಡುವಾಗ ಅರ್ಧ ಲೋಟ, ಊಟದ ಜೊತೆ ಎರಡು ಗುಟುಕು, ಅಷ್ಟೇ. ಕಟ್ಟಡದ ಹಿಂದುಗಡೆ, ಖಾಲಿ ಗೋಣಿಚೀಲಗಳ ರಾಶಿಯ ಪಕ್ಕದಲ್ಲಿ ‘ಮಹಿಳೆಯರು’ ಎಂಬ ಬೋರ್ಡು ಇತ್ತು. ಬೋರ್ಡಿನ ಹಿಂದೆ ಇದ್ದದ್ದನ್ನು ಏನೆಂದು ಕರೆಯುವುದು? ಸೀಟು ನಡುವೆ ಸೀಳು ಬಿಟ್ಟಿತ್ತು, ಕೂತವರನ್ನು ಚಿವುಟುತ್ತಿತ್ತು. ಅದರ ಮೇಲಿನ ಕಲೆಗಳ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಚಿಲಕದ ಜಾಗದಲ್ಲಿ ಬೀಜದ ಚೀಲ ಕಟ್ಟುವ ದಾರ. ಮುಟ್ಟದೆ ಅರ್ಧ ಕೂತು ಮುಗಿಸೋಣ ಅಂದರೆ ಎಣಿಕೆಯಕ್ಕನ ಮಂಡಿ ಒಪ್ಪುತ್ತಿರಲಿಲ್ಲ.

ಮನವಿ ಕೊಡಲಿಲ್ಲವೆಂದಲ್ಲ. ಕಚೇರಿಯಲ್ಲಿದ್ದ ಹೆಂಗಸರು ಇಬ್ಬರೇ: ಇವಳು, ಮತ್ತು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಹಿರಿಯ ಟೈಪಿಸ್ಟ್. ‘ಮಹಿಳಾ ಸಿಬ್ಬಂದಿಗೆ ಅನಾನುಕೂಲವಾಗುತ್ತಿದೆ’ ಎಂದು ದೊಡ್ಡಮ್ಮ ನಾಲ್ಕು ವರ್ಷದ ಹಿಂದೆ ಟೈಪ್ ಮಾಡಿದ್ದರು. ಅನಾನುಕೂಲ ಎಂದರೇನು ಎಂದು ಯಾರೂ ಕೇಳಲಿಲ್ಲ, ಇವರೂ ಬಿಡಿಸಿ ಹೇಳಲಿಲ್ಲ. ಗಂಡಸರ ಮೇಜಿನ ಮೇಲೆ ಹೋಗುವ ಕಾಗದದಲ್ಲಿ ಅದಕ್ಕಿಂತ ಹೆಚ್ಚು ಬರೆಯಲು ಇಬ್ಬರಿಗೂ ಕೈ ಬಂದಿರಲಿಲ್ಲ. ಕೇಂದ್ರ ಕಚೇರಿಯಿಂದ ಒಂದು ಪ್ರಶ್ನೆ ಬಂತು: ದಿನಕ್ಕೆ ಎಷ್ಟು ಜನ ಬಳಸುತ್ತಾರೆ? ಯಾರೂ ಬಳಸುವುದಿಲ್ಲ ಎಂದು ಇವರು ನಿಜವನ್ನೇ ಬರೆದರು. ಯಾರೂ ಬಳಸದಿದ್ದರೆ ದುರಸ್ತಿ ಏಕೆ ಎಂದು ಮರುಪ್ರಶ್ನೆ ಬಂತು. ಹೀಗೆ ಮನವಿ ಬೆಳೆದು, ದಪ್ಪ ರಟ್ಟಿನ ಹೊಳಪು ಹೊದಿಕೆ ಹೊತ್ತು, ಒಂದು ಫೈಲಾಗಿ ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು.

ಕಳೆದ ವಾರ ಡಾಕ್ಟರಮ್ಮ ಎಣಿಕೆಯಕ್ಕನನ್ನು ಸರಿಯಾಗಿ ತರಾಟೆಗೆ ತಗೊಂಡಿದ್ದರು. “ಸೋಂಕು ಇದು ಮೂರನೇ ಸಲ. ಇನ್ನೊಂದು ಸಲ ಬಂದ್ರೆ ಮಾತ್ರೇಲಿ ಮುಗಿಯಲ್ಲ, ಕಿಡ್ನಿಗೇ ಬರುತ್ತೆ. ನೀರು ಕುಡೀರಿ, ಬಂದಾಗ ಹೋಗಿ. ಇಷ್ಟೇ ಔಷಧಿ.”

ಔಷಧಿಯ ಮೊದಲ ಅರ್ಧ ಸುಲಭ. ಎರಡನೇ ಅರ್ಧಕ್ಕೆ ದಾರಿ ತೋರಿಸಿದವಳು ತಂಗಿ. ವಿಮೆ ಮಾಡಿಸಲು ಊರೂರು ತಿರುಗುವ ಅವಳು ಒಂದು ಪೊಟ್ಟಣ ತಂದುಕೊಟ್ಟಳು. ಒಳಗೆ ಅಂಗೈಯಗಲ ಮಡಚಿದ್ದ ಹತ್ತು ಕಾಗದಗಳು; ನೀರು ಹೀರದ, ಮೇಣ ಸವರಿದಂಥ ಕಾಗದ. ಎರಡು ಬದಿ ಒತ್ತಿದರೆ ಬಾಯಿ ಓರೆಯಾಗಿ ತೆರೆದ ಆಲಿಕೆ.

“ನಿಂತ್ಕೊಂಡೇ ಮುಗಿಸ್ಬಹುದು ಅಕ್ಕ. ಎಲ್ಲೂ ಮುಟ್ಟಬೇಕಾಗಿಲ್ಲ. ಆದ್ಮೇಲೆ ಮಡಚಿ ಬಿಸಾಕು.”

“ಥೂ! ಗಂಡಸರ ಥರ ನಿಂತ್ಕೊಂಡಾ?”

“ಹೂಂ. ಅವ್ರು ಯಾರಾದ್ರೂ ಇದಕ್ಕೋಸ್ಕರ ನೀರು ಕುಡಿಯೋದು ಬಿಟ್ಟಿದ್ದು ನೋಡಿದ್ಯಾ?”

ಎಣಿಕೆಯಕ್ಕ ಪೊಟ್ಟಣವನ್ನು ತನ್ನ ಕಡೆಗೆ ಎಳೆದುಕೊಂಡಳು. ತಂಗಿ ತನ್ನ ಚೀಲದಿಂದ ಒಂದನ್ನು ಕೊಟ್ಟು ಮನೆಯ ಬಚ್ಚಲಲ್ಲೇ ಅಭ್ಯಾಸ ಮಾಡಿಸಿದಳು. ಮೊದಲ ಸಲವೇ ಪಾಸಾದ ಹುಡುಗಿಯ ಹಾಗೆ ಎಣಿಕೆಯಕ್ಕ ನಗುತ್ತ ಹೊರಗೆ ಬಂದಳು.

ಮರುದಿನ ಕಚೇರಿಯಲ್ಲಿ ವಾರ್ಷಿಕ ತಪಾಸಣೆ. ದೊಡ್ಡಮ್ಮ ಬಾಗಿಲಲ್ಲೇ ಕಾದಿದ್ದರು.

“ಲೇ, ಗೊತ್ತಾಯ್ತಾ? ಈ ಸಲ ಬರ್ತಿರೋದು ಹೆಂಗಸು! ಸಂಜೆ ತನಕ ಇಲ್ಲೇ ಇರ್ತಾಳೆ. ನಾನು ಗಂಟೆಗೊಂದು ಟೀ ಕೊಡ್ತೀನಿ. ಎಲ್ಲಿಗೆ ಹೋಗ್ತಾಳೆ? ಅಲ್ಲಿಗೇ ಹೋಗ್ಬೇಕು. ಆ ಸೀಟು ಒಂದು ಸಲ ಚಿವುಟಿದ್ರೆ ಸಾಕು, ನಾಳೆನೇ ಆರ್ಡರ್ ಬರುತ್ತೆ. ನೀನು ಬಾಯಿ ಮುಚ್ಕೊಂಡಿರು, ಅಷ್ಟೇ.”

ಎಣಿಕೆಯಕ್ಕ ತಲೆಯಾಡಿಸಿದಳು. ತನ್ನ ಮೇಜಿಗೆ ಹೋಗಿ, ಧೈರ್ಯ ಮಾಡಿ, ತಂದಿದ್ದ ಒಂದೂವರೆ ಲೀಟರ್ ಬಾಟಲಿಯನ್ನು ಹತ್ತೂವರೆಯೊಳಗೆ ಖಾಲಿ ಮಾಡಿದಳು. ಪ್ರಕೃತಿಯ ಕರೆ ಬಂತು. ಚೀಲದೊಳಗೆ ಕೈ ಹಾಕಿ ಪೊಟ್ಟಣ ತೆಗೆಯುವಷ್ಟರಲ್ಲಿ ಉಗ್ರಾಣದವನು ಎದುರಿಗೆ ನಿಂತಿದ್ದ. ಪೊಟ್ಟಣ ಮುಚ್ಚುವ ಅವಸರದಲ್ಲಿ ಒಂದು ಕಾಗದ ಮೇಜಿನ ಮೇಲೆ ಬಿತ್ತು. ಅವನು ಎತ್ತಿಕೊಂಡು ಎರಡು ಬದಿ ಒತ್ತಿದ.

“ಇದೇನಕ್ಕ ಇದು? ಆಲಿಕೆನಾ?”

ಎಣಿಕೆಯಕ್ಕನ ಗಂಟಲು ಒಣಗಿತು. ಒಂದೂವರೆ ಲೀಟರ್ ಕುಡಿದವಳ ಗಂಟಲು! “ಹೌದು,” ಎಂದಳು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಬೇರೆ ಯಾವ ಕಚೇರಿಯಲ್ಲಾದರೂ ಅದು ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ದಿನವಿಡೀ ಕಾಳು ಸುರಿಯುವುದು, ತುಂಬುವುದು, ಮತ್ತೆ ಸುರಿಯುವುದೇ ಕೆಲಸ. ತಗಡಿನ ಹಳೆಯ ಆಲಿಕೆಗಳಿಗೆ ಈರುಳ್ಳಿ ಬೀಜ ಅಂಟಿಕೊಂಡು ತೂಕ ತಪ್ಪಿ ಉಗ್ರಾಣದವನು ಬೈಸಿಕೊಳ್ಳದ ವಾರವಿರಲಿಲ್ಲ. ಅವನು ಹೊಸ ಆಲಿಕೆಯನ್ನು ಚೀಲದ ಬಾಯಿಗೆ ಇಟ್ಟು ಬೀಜ ಸುರಿದ. ಒಂದೂ ಅಂಟಲಿಲ್ಲ, ಒಂದೂ ಚೆಲ್ಲಲಿಲ್ಲ.

“ಆಹಾ! ಬಾಯಿ ನೋಡಿ ಹೇಗೆ ಓರೆಯಾಗಿ ಮಾಡಿದಾರೆ! ಇದನ್ನ ಮಾಡಿದೋನು ನಮ್ಮ ಕಷ್ಟ ಚೆನ್ನಾಗಿ ತಿಳ್ಕೊಂಡಿದಾನೆ ಅಕ್ಕ.”

ಯಾರ ಕಷ್ಟ ಎಂದು ಎಣಿಕೆಯಕ್ಕನಿಗಷ್ಟೇ ಗೊತ್ತಿತ್ತು. ಅವನು ಇನ್ನೂ ಮೂರು ಎತ್ತಿಕೊಂಡು, ಹುಳ ಹಿಡಿಯದಂತೆ ವಿಷದ ಪುಡಿ ಸವರಿದ ಕೆಂಪು ಬೀಜಗಳನ್ನು ತುಂಬಲು ಕೂತುಬಿಟ್ಟ. ನಾಲ್ಕು ಹೋದವು.

ಸುದ್ದಿ ಸಾಹೇಬರಿಗೆ ಮುಟ್ಟಲು ಐದು ನಿಮಿಷ ಸಾಕಾಯಿತು. ಪ್ರಯೋಗಾಲಯದ ಮುಖ್ಯಸ್ಥರಾದ ಅವರು ಒಳ್ಳೆಯವರೇ. ಆದರೆ ತಪಾಸಣೆಯ ದಿನ ತೋರಿಸಲು ಏನೂ ಇಲ್ಲದೆ ಬೆಳಗಿನಿಂದ ಒದ್ದಾಡುತ್ತಿದ್ದರು. ಖುದ್ದಾಗಿ ಎಣಿಕೆಯಕ್ಕನ ಮೇಜಿಗೆ ಬಂದರು.

“ನೋಡಮ್ಮ, ಇಂಥದ್ದನ್ನ ಇಟ್ಕೊಂಡು ಸುಮ್ಮನೆ ಕೂತಿದ್ದೀಯಲ್ಲ! ಎಲ್ಲಿ, ಎಲ್ಲಾ ಕೊಡು.”

“ಸಾರ್, ಅದು ನನ್ನ ಸ್ವಂತ ಉಪಯೋಗಕ್ಕೆ…”

“ಸ್ವಂತದ್ದನ್ನೂ ಕಚೇರಿಗೆ ಕೊಡ್ತೀಯಲ್ಲ, ಅದೇ ದೊಡ್ಡತನ!” ಸಾಹೇಬರು ಒಂದನ್ನು ಬಾಯಿಗೆ ಹಿಡಿದು, “ದೊಡ್ಡಮ್ಮಾ, ಒಂದು ಲೇಬಲ್ ಟೈಪ್ ಮಾಡಿ!” ಎಂದು ಕೂಗಿದರು. ದನಿ ಪಕ್ಕದ ಕೋಣೆಗೆ ಚೆನ್ನಾಗಿ ಕೇಳಿಸಿತು. ಎಣಿಕೆಯಕ್ಕ ಕಣ್ಣು ಮುಚ್ಚಿಕೊಂಡಳು. ಅವಳು ಮುಚ್ಚಿದ ಕಣ್ಣಲ್ಲೇ ಒಂದನ್ನು ಸರಕ್ಕನೆ ಡ್ರಾಯರಿನ ಮೊಳಕೆ ಕಾಗದಗಳ ಕೆಳಗೆ ತಳ್ಳಿದ್ದು ಸಾಹೇಬರಿಗೆ ಕಾಣಲಿಲ್ಲ. ಐದು ಅವರ ಜೊತೆ ಹೋದವು. ಉಳಿದದ್ದು ಹತ್ತನೆಯದು.

ಲೇಬಲ್ಲಿಗೆ ಏನು ಬರೆಯಬೇಕೆಂದು ಕೇಳಲು ಬಂದ ದೊಡ್ಡಮ್ಮನಿಗೆ ಅವಳು ಕಿವಿಯಲ್ಲಿ ವಿಷಯ ಹೇಳಿದಳು. ದೊಡ್ಡಮ್ಮ ಸೆರಗು ಬಾಯಿಗೆ ತುರುಕಿಕೊಂಡು ಮೇಜು ಹಿಡಿದು ನಕ್ಕರು. “ಸಾಹೇಬ್ರು ಬಾಯಿಗೆ ಇಟ್ಕೊಂಡ್ರಲ್ಲೇ!”

“ನಗಬೇಡಿ ದೊಡ್ಡಮ್ಮ. ನಂಗೆ ತಡೆಯಕ್ಕಾಗ್ತಿಲ್ಲ.”

“ಹೋಗು ಮತ್ತೆ, ಒಂದಿದೆಯಲ್ಲ.”

ಅವಳು ಎದ್ದಳು. ಬಾಗಿಲಲ್ಲಿ ತಪಾಸಣಾಧಿಕಾರಿ ನಿಂತಿದ್ದರು.

ಐವತ್ತರ ಆಸುಪಾಸಿನ ಹೆಂಗಸು. ಭುಜದಲ್ಲಿ ಸವೆದ ಚರ್ಮದ ಚೀಲ, ಕಾಲಲ್ಲಿ ಧೂಳು ಹಿಡಿದ ಬೂಟು. ನೇರ ಎಣಿಕೆಯಕ್ಕನ ಮೇಜಿಗೇ ಬಂದು ಎದುರು ಕುರ್ಚಿಯಲ್ಲಿ ಕೂತರು. “ನೀವೇನಾ ಎಣಿಸೋರು? ನನ್ನ ಮುಂದೆ ನಾನೂರು ಎಣಿಸಿ ನೋಡೋಣ.”

ಎಣಿಕೆಯಕ್ಕ ಒಂದರ ಮೇಲೊಂದು ಕಾಲು ಹಾಕಿ ಕೂತಳು. ನೂರು ಆಯಿತು. ನೂರಾ ಎಂಬತ್ತಕ್ಕೆ ಹಣೆಯಲ್ಲಿ ಬೆವರು. ಕೋಣೆಯ ಮೂಲೆಯಲ್ಲಿ ಮೊಳಕೆ ಕಾಗದಗಳ ಮೇಲೆ ನಲ್ಲಿ ತೊಟ್ಟಿಕ್ಕುತ್ತಿತ್ತು, ಟಪ್, ಟಪ್. ಆ ನಲ್ಲಿಯನ್ನು ಅವಳು ಅಷ್ಟು ದ್ವೇಷಿಸಿದ್ದು ಯಾವತ್ತೂ ಇಲ್ಲ. ಇನ್ನೂರ ಮೂವತ್ತೇಳರಲ್ಲಿ ಲೆಕ್ಕ ತಪ್ಪಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಲೆಕ್ಕ ತಪ್ಪಿತು.

“ಪರವಾಗಿಲ್ಲ, ಮೊದಲಿಂದ ಎಣಿಸಿ,” ಎಂದರು ಅಧಿಕಾರಿ.

ದೊಡ್ಡಮ್ಮ ಟೀ ತಂದಿಟ್ಟರು. ಎರಡನೇ ಎಣಿಕೆಗೆ ಇನ್ನೊಂದು ಟೀ. ಮೂರನೇ ಎಣಿಕೆಗೆ, “ಬಿಸಿಲಲ್ಲಿ ಬಂದಿದ್ದೀರಿ ಮೇಡಂ, ದಣಿವಾಗಿರುತ್ತೆ,” ಎಂದು ಮತ್ತೊಂದು. ಅಧಿಕಾರಿ ಮೊದಮೊದಲು ಕುರ್ಚಿಗೆ ಒರಗಿ ಕೂತಿದ್ದರು. ಬರಬರುತ್ತ ಮುಂದೆ ಬಾಗಿ, ಮಂಡಿಗಳನ್ನು ಜೋಡಿಸಿ, ಚೀಲವನ್ನು ತೊಡೆಯ ಮೇಲೆ ಒತ್ತಿಕೊಂಡರು. ಬೀಜಗಳ ತಟ್ಟೆಯ ಆಚೆಗೊಬ್ಬಳು, ಈಚೆಗೊಬ್ಬಳು, ಇಬ್ಬರೂ ಒಂದೇ ಭಂಗಿಯಲ್ಲಿ ನಾನೂರು ಮುಗಿಸಿದರು.

ಅಷ್ಟರಲ್ಲಿ ಸಾಹೇಬರು ಐದು ಆಲಿಕೆಗಳನ್ನು ಟ್ರೇಯಲ್ಲಿಟ್ಟುಕೊಂಡು ಬಂದರು, ಹಿಂದೆ ಉಗ್ರಾಣದವನು. “ಮೇಡಂ, ಇದು ನಮ್ಮ ಪ್ರಯೋಗಾಲಯದ ಹೊಸ ಪದ್ಧತಿ. ಹಗುರ, ಅಂಟಲ್ಲ, ಒಂದು ಸಲ ಬಳಸಿ ಬಿಸಾಕಬಹುದು.”

ಅಧಿಕಾರಿ ಒಂದನ್ನು ಎತ್ತಿ, ಎರಡು ಬದಿ ಒತ್ತಿ ನೋಡಿದರು. ಆಮೇಲೆ ಎಣಿಕೆಯಕ್ಕನನ್ನು ನೋಡಿದರು. ಎಣಿಕೆಯಕ್ಕನ ಮುಖ ಉಗ್ರಾಣದವನ ಆ ವಿಷದ ಬೀಜಗಳಷ್ಟು ಕೆಂಪಾಗಿತ್ತು.

“ಒಳ್ಳೇ ವಸ್ತು,” ಎಂದರು ಅಧಿಕಾರಿ, ಮುಖದ ಒಂದು ಗೆರೆಯೂ ಕದಲದೆ. “ನಾನು ಬಲ್ಲೆ.”

ಸಾಹೇಬರಿಗೆ ಸ್ವರ್ಗ ಸಿಕ್ಕಂತಾಯಿತು. ಕೇಂದ್ರ ಕಚೇರಿಗೆ ಮಾದರಿ ಕಳಿಸಲೇಬೇಕೆಂದು, ಮೇಡಂ ಬೇಡವೆನ್ನುವುದರೊಳಗೆ ಐದನ್ನೂ ಮಾದರಿಯ ಚೀಲಕ್ಕೆ ಹಾಕಿಸಿ, ಉಗ್ರಾಣದವನ ಕೈಲಿ ಅರಗು ಕಾಯಿಸಿ ಸೀಲು ಹಾಕಿಸಿ, ಸಹಿ ಮಾಡಿ, ಕಾರಿಗೆ ಕಳಿಸಿಯೇಬಿಟ್ಟರು. ಸೀಲಾದ ಮಾದರಿಯನ್ನು ಒಡೆಯುವುದು ಆ ಕಚೇರಿಯಲ್ಲಿ ಕೆಲಸ ಹೋಗುವ ಅಪರಾಧ.

ಗಂಡಸರು ಆಚೆ ಹೋದ ಮೇಲೆ ಅಧಿಕಾರಿ ಮೇಜಿನ ಮೇಲೆ ಬಾಗಿದರು. ದನಿ ಪೂರ್ತಿ ಬದಲಾಗಿತ್ತು. “ರೀ, ನನ್ನ ಪೊಟ್ಟಣ ನಿನ್ನೆನೇ ಖಾಲಿಯಾಯ್ತು. ನಿಮ್ಮ ಹತ್ರ ಇನ್ನೊಂದು ಇದೆಯಾ? ಆ ದೊಡ್ಡಮ್ಮ ಕೊಟ್ಟ ಟೀ… ನನ್ನ ಕೈಲಿ ಆಗ್ತಿಲ್ಲ.”

ಅವರ ಬೆನ್ನ ಹಿಂದೆ, ಬಾಗಿಲಲ್ಲಿ ನಿಂತು, ದೊಡ್ಡಮ್ಮ ಎರಡೂ ಕೈ ಆಡಿಸುತ್ತಿದ್ದರು: ಇಲ್ಲ ಅನ್ನು, ಇಲ್ಲ ಅನ್ನು.

ಎಣಿಕೆಯಕ್ಕ ಡ್ರಾಯರಿನ ಹಿಡಿ ಹಿಡಿದು ಕೂತಳು. ಒಳಗೆ ಇದ್ದದ್ದು ಒಂದೇ. ಅದು ತನಗೆ ಬೇಕು. ತನ್ನ ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದಂತಾಗಿತ್ತು. ಇಲ್ಲವೆಂದರೆ ನಾಲ್ಕು ವರ್ಷದ ಫೈಲು ಇವತ್ತು ದಡ ಸೇರುತ್ತಿತ್ತು. ಆದರೆ ಎದುರಿಗಿದ್ದ ಮುಖ ಅವಳಿಗೆ ಗೊತ್ತಿತ್ತು. ಬಿಗಿ ಹಿಡಿದ ದವಡೆ, ಏನೂ ಆಗಿಲ್ಲವೆಂಬ ನಗು. ಹನ್ನೊಂದು ವರ್ಷ ದಿನವೂ ಅದೇ ಮುಖ ಹೊತ್ತು ಅವಳು ಬಸ್ಸು ಹತ್ತಿದ್ದಳು. ಆ ಮುಖಕ್ಕೆ ಇಲ್ಲವೆನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಹೇಗಿದ್ದರೂ ಒಳಗೆ ಹೋಗುತ್ತಾರೆ, ಕಣ್ಣಿಗಾದರೂ ಕಾಣುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡು ಡ್ರಾಯರು ಎಳೆದಳು.

ಐದು ನಿಮಿಷದಲ್ಲಿ ಅಧಿಕಾರಿ ಹತ್ತು ವರ್ಷ ಚಿಕ್ಕವರಾಗಿ ತಿರುಗಿ ಬಂದರು.

“ಮೇಡಂ, ಒಳಗೆ… ನೋಡಿದ್ರಾ?” ಎಣಿಕೆಯಕ್ಕ ಆಸೆಯಿಂದ ಕೇಳಿದಳು.

“ನೋಡೋದಾ? ಹದಿನೆಂಟು ವರ್ಷದಿಂದ ತಿರುಗ್ತಿದೀನಿ ಕಣ್ರಿ. ಒಳಗೆ ಹೋದ್ರೆ ನಾನು ಏನನ್ನೂ ನೋಡಲ್ಲ. ಚಾವಣಿ ನೋಡ್ಕೊಂಡು ಹೋಗಿ, ಚಾವಣಿ ನೋಡ್ಕೊಂಡು ಬರ್ತೀನಿ. ನಿಮ್ಮ ಚಾವಣಿ ಚೆನ್ನಾಗಿದೆ.”

ಸಾಹೇಬರು ವರದಿಯ ನಮೂನೆ ಹಿಡಿದು ಬಂದರು. ಕೊನೆಯ ಪುಟದಲ್ಲಿ ಅಚ್ಚಾಗಿದ್ದ ಪ್ರಶ್ನೆ: ಮಹಿಳಾ ಶೌಚಾಲಯ ಬಳಸಲು ಯೋಗ್ಯವೇ? ಅಧಿಕಾರಿ ಪ್ರಾಮಾಣಿಕ ಹೆಂಗಸು, ನೋಡದೇ ಇದ್ದುದಕ್ಕೆ ಯಾವತ್ತೂ ಸಹಿ ಹಾಕಿದವರಲ್ಲ. ಇದನ್ನಂತೂ ಬಳಸಿಯೇ ಬಂದಿದ್ದರು. ‘ಖುದ್ದಾಗಿ ಬಳಸಿದ್ದೇನೆ. ಯಾವ ತೊಂದರೆಯೂ ಆಗಲಿಲ್ಲ’ ಎಂದು ದುಂಡಗೆ ಬರೆದರು.

“ಮೇಡಂ, ನಮಗೆ ಸ್ವಲ್ಪ…” ಎಣಿಕೆಯಕ್ಕ ಸಾಹೇಬರನ್ನು ನೋಡಿದಳು, ಉಗ್ರಾಣದವನನ್ನು ನೋಡಿದಳು. ನಾಲಿಗೆಗೆ ಬಂದದ್ದು ಹಳೆಯ ಮಾತೇ. “ಅನಾನುಕೂಲ ಇದೆ.”

“ಇನ್ನೇನ್ರೀ ಅನಾನುಕೂಲ? ನಿಮ್ಮಲ್ಲಿ ಆಲಿಕೆ ಇದೆಯಲ್ಲ!” ಅಧಿಕಾರಿ ಗುಟ್ಟಾಗಿ ಕಣ್ಣು ಮಿಟುಕಿಸಿದರು.

“ಇದೆ ಮೇಡಂ,” ಎಂದರು ಸಾಹೇಬರು ಹೆಮ್ಮೆಯಿಂದ. “ಆಲಿಕೆಗೆ ನಮ್ಮಲ್ಲಿ ಕೊರತೆಯೇ ಇಲ್ಲ.”

ಕಾರು ಹೊರಟಿತು. ಸಾಹೇಬರು ಫೈಲು ತರಿಸಿ, ‘ತಪಾಸಣಾಧಿಕಾರಿಗಳು ತೃಪ್ತಿ ವ್ಯಕ್ತಪಡಿಸಿರುವುದರಿಂದ ಮುಕ್ತಾಯಗೊಳಿಸಲಾಗಿದೆ’ ಎಂದು ಬರೆದು, ಅದನ್ನು ಎಣಿಕೆಯಕ್ಕನ ಮೇಜಿನ ಮೇಲೆ ಇಟ್ಟುಹೋದರು.

“ನಾಲ್ಕು ವರ್ಷ!” ದೊಡ್ಡಮ್ಮ ಹಣೆ ಚಚ್ಚಿಕೊಂಡರು. “ಒಂದೇ ಒಂದು ಸಲ ಇಲ್ಲ ಅನ್ನಕ್ಕೆ ಬರಲಿಲ್ವಲ್ಲೇ ನಿಂಗೆ!”

“ಅವರಿಗೂ ತಡೆಯಕ್ಕಾಗ್ತಿರಲಿಲ್ಲ ದೊಡ್ಡಮ್ಮ,” ಎಂದಳು ಎಣಿಕೆಯಕ್ಕ. ದೊಡ್ಡಮ್ಮ ಬೈಯುವುದನ್ನು ಬಿಟ್ಟು ಅವಳ ಬೆನ್ನ ಮೇಲೆ ಕೈಯಿಟ್ಟರು.

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಡಾಕ್ಟರಮ್ಮನ ಮಾತು ಕಿವಿಯಲ್ಲಿತ್ತು. ಮೂಲೆಯಲ್ಲಿ ನಲ್ಲಿ ಟಪ್ ಟಪ್ ಎನ್ನುತ್ತಲೇ ಇತ್ತು. ಎಣಿಕೆಯಕ್ಕ ಫೈಲಿನ ದಾರ ಬಿಚ್ಚಿದಳು. ಒಳಗಿನ ಕಾಗದಗಳನ್ನು ಒಪ್ಪವಾಗಿ ಡ್ರಾಯರಿನಲ್ಲಿಟ್ಟಳು. ಉಳಿದ ಹೊದಿಕೆ ಗಟ್ಟಿಯಾಗಿತ್ತು, ಹೊಳಪಾಗಿತ್ತು, ನೀರು ಹೀರುವ ಹಾಗೆ ಕಾಣಲಿಲ್ಲ. ಅದನ್ನು ಓರೆಯಾಗಿ ಸುತ್ತಿ, ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಸೆರಗಿನೊಳಗೆ ಇಟ್ಟುಕೊಂಡು ಗೋಣಿಚೀಲಗಳ ರಾಶಿಯ ಕಡೆಗೆ ನಡೆದಳು.

ನಾಲ್ಕು ವರ್ಷಗಳಲ್ಲಿ ಆ ಫೈಲು ಶೌಚಾಲಯದ ತನಕ ಹೋದದ್ದು ಅದೇ ಮೊದಲು.