ಭಾನುವಾರದ ನೇರಪ್ರಸಾರ

ವಾದದಲ್ಲಿ ಗೆಲ್ಲುವುದು ಹೇಗೆಂದು ಕಲಿಸುವ ಕಾಲೇಜುಗಳು ನಮ್ಮಲ್ಲಿ ಬೇಕಾದಷ್ಟಿವೆ. ಗೆದ್ದ ಮೇಲೆ ಆ ಗೆಲುವನ್ನು ಎಲ್ಲಿಡಬೇಕೆಂದು ಕಲಿಸುವ ಕಾಲೇಜು ಒಂದಾದರೂ ಇದ್ದಂತೆ ಕಾಣೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದವನ ಕೈಗೊಂದು ಕಪ್ಪು ಕೊಟ್ಟು ಕಳುಹಿಸುತ್ತಾರೆ. ಅದನ್ನು ಷೋಕೇಸಿನಲ್ಲಿಟ್ಟರೆ ಯಾರಿಗೂ ತೊಂದರೆಯಿಲ್ಲ. ಬದುಕಿನಲ್ಲಿ ಗೆದ್ದ ವಾದ ಹಾಗಲ್ಲ, ಅದು ಜಾರಿಗೆ ಬರುತ್ತದೆ. ಮೈಸೂರಿನ ಕಾಲೇಜಿನಲ್ಲಿ ಪರ-ವಿರೋಧ ಎರಡೂ ಕಡೆ ನಿಂತು ಮಾತನಾಡಿ, ಜಗತ್ತಿನಲ್ಲಿ ಅನ್ಯಾಯ ಉಳಿದಿರುವುದು ಅದನ್ನು ಯಾರೂ ಮೂರು ಅಂಶಗಳಾಗಿ ವಿಂಗಡಿಸಿ ಖಂಡಿಸದಿರುವುದರಿಂದ ಎಂಬ ನಂಬಿಕೆಯನ್ನು ಹೊತ್ತು ದೋಹಾಕ್ಕೆ ಬಂದಿಳಿದವನು ನಾನು. ಆ ನಂಬಿಕೆ ಇಂದಿಗೂ ಪೂರ್ತಿ ಹೋಗಿಲ್ಲ. ನನ್ನ ಹೆಂಡತಿ ಸುಧಾಳ ಪ್ರಕಾರ ಅದು ಸಕ್ಕರೆ ಕಾಯಿಲೆಯಿದ್ದ ಹಾಗೆ. ಹತೋಟಿಯಲ್ಲಿಡಬಹುದೇ ಹೊರತು ವಾಸಿಯಾಗುವುದಿಲ್ಲ.

ದೋಹಾದ ನಜ್ಮಾ ಬಡಾವಣೆಯಲ್ಲಿ ಹಸನಾಕ ಎಂಬವರ ಟೈಲರಿಂಗ್ ಅಂಗಡಿಯಿದೆ. ಉಪ್ಪಿನಂಗಡಿ ಕಡೆಯವರು. ನನ್ನ ಪ್ಯಾಂಟುಗಳ ಉದ್ದವನ್ನು ವರ್ಷಗಳಿಂದ ಅವರೇ ನಿರ್ಧರಿಸುತ್ತಿದ್ದಾರೆ. ಅವರಿಗೆ ಅಂಗಡಿಗಿಂತ ಹೆಚ್ಚಿನದೊಂದು ಆಸ್ತಿಯಿತ್ತು: ಒಂದು ವಾಲಿಬಾಲ್ ತಂಡ. ಆಟಗಾರರು ಸೈಟುಗಳಲ್ಲಿ, ಗೋದಾಮುಗಳಲ್ಲಿ ದುಡಿಯುವ ಊರಿನ ಹುಡುಗರು. ಜರ್ಸಿಗಳನ್ನು ಹೊಲಿದವರು ಹಸನಾಕರೇ. ಇಂಡಸ್ಟ್ರಿಯಲ್ ಏರಿಯಾದ ಗೋದಾಮೊಂದರ ಹಿಂದಿನ ಬಯಲಿನಲ್ಲಿ ಪ್ರತಿ ಶುಕ್ರವಾರ ಇಂಥ ಕೆಲವು ತಂಡಗಳ ಪುಟ್ಟ ಲೀಗ್ ನಡೆಯುತ್ತಿತ್ತು. ವಾರವೆಲ್ಲ ಹೆಲ್ಮೆಟ್ಟಿನ ಕೆಳಗಿದ್ದ ತಲೆಗಳಿಗೆ ಹೆಸರು ಸಿಗುತ್ತಿದ್ದುದು ಆ ಬಯಲಿನಲ್ಲಿ ಮಾತ್ರ.

ಆ ಲೀಗಿಗೆ ಈ ವರ್ಷ ಕುತ್ತು ಬಂತು. ಊರಿನಿಂದ ವಿಮಾನದಲ್ಲಿ ಆಟಗಾರರನ್ನು ಕರೆಸಿ, ಏಸಿ ಹಾಲಿನಲ್ಲಿ ಆಡಿಸುವ ದೊಡ್ಡ ಲೀಗೊಂದು ಇಲ್ಲಿದೆ. ಬೆಂಗಳೂರಿನ ಕಂಪೆನಿಯೊಂದು ಅದರ ಪಂದ್ಯಗಳನ್ನು ಮೊಬೈಲಿನಲ್ಲಿ ನೇರಪ್ರಸಾರ ಮಾಡಲು ಒಪ್ಪಂದ ಮಾಡಿಕೊಂಡಿತು. ಮರುವಾರವೇ ನಮ್ಮ ಪುಟ್ಟ ಲೀಗಿನ ಪ್ರಾಯೋಜಕರಾದ ಹೋಟೆಲಿನವರೂ ಕಾರ್ಗೋದವರೂ ಹಸನಾಕರ ಅಂಗಡಿಗೆ ಬಂದು, ತಮ್ಮ ಬ್ಯಾನರ್ ಲೈವಿನಲ್ಲಿ ಕಾಣುವುದಾದರೆ ಇರುತ್ತೇವೆ, ಇಲ್ಲವಾದರೆ ದೊಡ್ಡವರ ಕಡೆ ಹೋಗುತ್ತೇವೆಂದು ವಿನಯದಿಂದಲೇ ತಿಳಿಸಿದರು. ಅವರು ಹೋದರೆ ಬಯಲಿನ ಬಾಡಿಗೆ ಕಟ್ಟುವವರಿಲ್ಲ. “ಸಾರ್, ಇನ್ನು ಶುಕ್ರವಾರ ಹುಡುಗರು ರೂಮಲ್ಲಿ ಗೋಡೆ ನೋಡ್ಕೊಂಡು ಮಲಗ್ಬೇಕಷ್ಟೆ,” ಎಂದು ಹಸನಾಕ ಕತ್ತರಿಯನ್ನು ಕೆಳಗಿಟ್ಟರು. ಅವರು ಕತ್ತರಿ ಕೆಳಗಿಟ್ಟು ಮಾತನಾಡಿದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಅನ್ಯಾಯದ ವಾಸನೆ ನನ್ನ ಮೂಗಿಗೆ ಬಡಿಯಿತು. ನಮ್ಮ ಆಫೀಸಿನಲ್ಲಿ ಮಾರ್ಕ್ ಎಂಬ ಅಮೆರಿಕದ ಸಹೋದ್ಯೋಗಿಯಿದ್ದಾನೆ. ಅವನು ಓದಿದ ಕಾಲೇಜು ಅಲ್ಲಿನ ಫುಟ್‌ಬಾಲಿನ ಒಂದು ಸಣ್ಣ ಒಕ್ಕೂಟದಲ್ಲಿ ಆಡುತ್ತದೆ. ದೊಡ್ಡ ಕಾಲೇಜುಗಳ ಒಕ್ಕೂಟಗಳು ಸ್ಟ್ರೀಮಿಂಗ್ ಕಂಪೆನಿಗಳೊಡನೆ ಭಾರಿ ಒಪ್ಪಂದಗಳನ್ನು ಮಾಡಿಕೊಂಡಂತೆಲ್ಲ ಸಣ್ಣವರ ಪಾಲಿಗೆ ಚೂರುಪಾರು ಉಳಿಯುವುದನ್ನೂ, ಒಳ್ಳೆಯ ಆಟಗಾರರು ಅತ್ತ ಜಾರುವುದನ್ನೂ ಅವನು ಊಟದ ಹೊತ್ತಿನಲ್ಲಿ ಸಂಕಟದಿಂದ ವರ್ಣಿಸುತ್ತಿದ್ದ. ಶನಿವಾರವೆಂದರೆ ಅವರಿಗೆ ಆಟದ ದಿನವಂತೆ. ಈಗ ಪರದೆಯ ಮೇಲೆ ಕಾಣಬೇಕೆಂಬ ಒಂದೇ ಕಾರಣಕ್ಕೆ ಅವನ ಕಾಲೇಜು ಮಂಗಳವಾರ, ಬುಧವಾರಗಳಂದು ಆಡುತ್ತದೆ, ಕ್ರೀಡಾಂಗಣ ಖಾಲಿ ಹೊಡೆಯುತ್ತದೆ ಎಂದೂ ಹೇಳಿದ್ದ. ಚರ್ಚಾಪಟುವಿನ ದುರಭ್ಯಾಸವೆಂದರೆ ಯಾವ ಉದಾಹರಣೆಯಲ್ಲೂ ತನಗೆ ಬೇಕಾದ ಅರ್ಧವನ್ನಷ್ಟೇ ಕೇಳಿಸಿಕೊಳ್ಳುವುದು. ಚೂರುಪಾರಿನ ಭಾಗವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಮಂಗಳವಾರದ ಭಾಗವನ್ನು ಸಾಂಬಾರಿನೊಡನೆ ನುಂಗಿದೆ.

ಬೆಂಗಳೂರಿನ ಕಂಪೆನಿಯ ಕಿರಣ್ ಎಂಬ ಯುವಕನೊಡನೆ ವೀಡಿಯೊ ಕಾಲ್‌ನಲ್ಲಿ ವಾದಿಸಿದೆ. ಸಮಾನ ಅವಕಾಶ, ಸಮುದಾಯದ ಹೊಣೆ, ಬೇರನ್ನು ಕಡಿದು ಹೂವಿಗೆ ನೀರೆರೆಯುವ ಮೂರ್ಖತನ, ಹೀಗೆ ಒಂದನ್ನೂ ಬಿಡಲಿಲ್ಲ. ಅಷ್ಟಕ್ಕೇ ನಿಲ್ಲದೆ, ನಮ್ಮ ಲೀಗನ್ನು ಸುಧಾರಿಸುವ ಭರವಸೆಯನ್ನೂ ಕೊಟ್ಟೆ: ಸ್ವಾಗತ, ಶಾಲು, ಹಾರ, ಅತಿಥಿಗಳ ಭಾಷಣ ಎಲ್ಲವನ್ನೂ ರದ್ದುಪಡಿಸಿ, ಗಡಿಯಾರಕ್ಕೆ ಸರಿಯಾಗಿ ಸರ್ವಿಸ್ ಹೊಡೆಸುತ್ತೇವೆಂದು. ಕಿರಣ್ ಸೋತು ಕೈಚೆಲ್ಲಿದ. “ಆಯ್ತು ಸಾರ್. ಭಾನುವಾರ ನಿಮ್ಮ ಸಂಜೆಗೆ ಒಂದು ಮ್ಯಾಚ್ ಟ್ರೈ ಮಾಡೋಣ. ಇಲ್ಲಿ ರಾತ್ರಿ ಊಟ ಮುಗಿಸಿ ಎಲ್ಲ ಮೊಬೈಲ್ ಹಿಡ್ಕೊಂಡಿರೋ ಟೈಮು. ಚೆನ್ನಾಗಿ ಬಂದ್ರೆ ಇಡೀ ಸೀಸನ್ ಹಾಕ್ತೀವಿ. ಆದ್ರೆ ಮ್ಯಾಚ್ ನಡೀದೆ ಇದ್ರೆ ಮತ್ತೆ ಕೇಳ್ಬೇಡಿ.” ಭಾನುವಾರ! ಬಾಲ್ಯದಿಂದಲೂ ರಜೆಯ ವಾಸನೆಯುಳ್ಳ ಆ ಪದ ಕಿವಿಗೆ ಬಿದ್ದೊಡನೆ ಹೃದಯ ಅರಳಿತು. ಒಪ್ಪಿಬಿಟ್ಟೆ.

ಅಡುಗೆಮನೆಗೆ ಹೋಗಿ ವಿಜಯವಾರ್ತೆಯನ್ನು ತಿಳಿಸಿದೆ. ಸುಧಾ ಚಪಾತಿಯನ್ನು ತಿರುವಿ ಹಾಕಿ, “ಭಾನುವಾರ ನಿಮಗೆ ಆಫೀಸಿಲ್ವಾ?” ಎಂದು ಕೇಳಿದಳು.

ದೋಹಾದಲ್ಲಿ ಭಾನುವಾರವೆಂದರೆ ವಾರದ ಕೆಲಸ ಆರಂಭವಾಗುವ ದಿನ. ಇಷ್ಟು ವರ್ಷ ಪ್ರತಿ ಭಾನುವಾರವೂ ಟೈ ಕಟ್ಟಿಕೊಂಡು ಹೊರಟವನ ಬುದ್ಧಿ, ಬೆಂಗಳೂರಿನ ಕನ್ನಡ ಕಿವಿಗೆ ಬಿದ್ದ ಕೂಡಲೇ ಬೆಂಗಳೂರಿಗೇ ಹೋಗಿ ಕುಳಿತಿತ್ತು. ಕಿರಣ್‌ಗೆ ಮತ್ತೆ ಫೋನು ಮಾಡಿದರೆ, “ಸಾರ್, ಪೋಸ್ಟರ್ ಬಿಟ್ಟಾಯ್ತು” ಎಂದ. ಹಸನಾಕರಿಗೆ ಹೇಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಎಂಥ ಮಾಡುದು ಮಾರಾಯ್ರೆ! ಫೋರ್‌ಮನ್ ಬೇಗ ಬಿಡುದಿಲ್ಲ, ಕಂಪೆನಿ ಬಸ್ಸು ಯಾರ ಮಾತೂ ಕೇಳುದಿಲ್ಲ. ನೋಡುವ.”

ಆ ಭಾನುವಾರದ ಸಂಜೆ ಬಯಲಿನಲ್ಲಿ ದೀಪಗಳು ಹೊತ್ತಿದ್ದವು, ಕ್ಯಾಮೆರಾ ಮುಕ್ಕಾಲಿಯ ಮೇಲೆ ನಿಂತಿತ್ತು, ಹೋಟೆಲಿನ ಮತ್ತು ಕಾರ್ಗೋದ ಬ್ಯಾನರುಗಳು ಗಾಳಿಗೆ ಪಟಪಟಿಸುತ್ತಿದ್ದವು. ಎದುರಾಳಿ ತಂಡದವರೆಲ್ಲ ಅಂಗಡಿಗಳ ನೌಕರರು. ಹೇಗೋ ರಜೆ ಹೊಂದಿಸಿಕೊಂಡು ಬಂದು ನಿಂತಿದ್ದರು. ನಮ್ಮ ಕಡೆ ಇದ್ದವರು ಮೂವರು. ಉಳಿದ ಮೂವರು ಬಸ್ಸಿನಲ್ಲಿ, ಬಸ್ಸು ಸಿಗ್ನಲ್ಲಿನಲ್ಲಿ. ಹಸನಾಕ ಫೋನನ್ನು ಕಿವಿಯಿಂದ ತೆಗೆಯಲೇ ಇಲ್ಲ. “ಇಳಿದು ಓಡಿ ಬಾ ಮೋನೆ! ಏನು, ಡ್ರೈವರ್ ಬಾಗಿಲು ತೆಗೆಯುದಿಲ್ವಾ?” ಕಾಸರಗೋಡಿನ ಅಂಪೈರ್ ಗಡಿಯಾರ ನೋಡಿ, “ಯಲ್ಲಾ, ಬೇಗ ಆರು ಜನ ಇಳಿಸಿ. ಇಲ್ಲದಿದ್ರೆ ಖಲಾಸ್, ವಾಕೋವರ್,” ಎಂದರು. ಸಹಜ ನ್ಯಾಯದ ತತ್ತ್ವವನ್ನು ಅವರಿಗೆ ವಿವರಿಸತೊಡಗಿದೆ. ಅವರು ಸೀಟಿಯನ್ನು ಬಾಯಿಗಿಟ್ಟುಕೊಂಡರು. ಕ್ಯಾಮೆರಾದವನು ಕೈಯೆತ್ತಿದ. ಲೈವ್ ಆರಂಭವಾಗಿತ್ತು.

ಹಸನಾಕ ನನ್ನ ಕೈಗೆ ಮೈಕನ್ನು ತುರುಕಿದ್ದು ಆಗಲೇ. “ಸಾರ್, ಭಾಷಣ! ಉದ್ಘಾಟನೆ ಮುಗಿಯದೆ ಸೀಟಿ ಊದ್ಲಿಕ್ಕುಂಟಾ? ಯಾವ ಅಂಪೈರೂ ಊದುದಿಲ್ಲ.” ಹೌದು. ಕನ್ನಡಿಗರು ಸೇರಿದ ಕಡೆ ಸಭಾ ಕಾರ್ಯಕ್ರಮವನ್ನು ತುಂಡರಿಸಿ ಆಟ ಆರಂಭಿಸುವ ಎದೆಗಾರಿಕೆ ಯಾರಿಗೂ ಇಲ್ಲ. ಅಂಪೈರ್ ಸೀಟಿಯನ್ನು ಕೆಳಗಿಳಿಸಿ, ಕೈಕಟ್ಟಿ ನಿಂತರು. ನಾನು ರದ್ದುಪಡಿಸಿದ್ದ ಭಾಷಣವನ್ನು ನಾನೇ ಆರಂಭಿಸಿದೆ.

ಮೊದಲ ಕೆಲವು ವಾಕ್ಯಗಳನ್ನಾಡುವಾಗ ಕಣ್ಣು ರಸ್ತೆಯ ಕಡೆಗೇ ಇತ್ತು. ದೂರದಲ್ಲಿ ಬೆಳಕು ಕಂಡಾಗಲೆಲ್ಲ ಬಸ್ಸೇ ಇರಬೇಕೆಂದುಕೊಳ್ಳುತ್ತಿದ್ದೆ, ಅದು ಲಾರಿಯಾಗಿರುತ್ತಿತ್ತು. ಸ್ವಾಗತ ಮುಗಿಯಿತು, ಸ್ಮರಣೆ ಮುಗಿಯಿತು, ಬ್ಯಾನರಿನವರಿಗೆ ಎರಡು ಸಲ ವಂದಿಸಿಯಾಯಿತು. ಬೇರೆ ದಾರಿಯಿಲ್ಲದೆ ಕ್ರೀಡೆ ಮತ್ತು ಸಮಾನತೆಯ ವಿಷಯವನ್ನೆತ್ತಿಕೊಂಡೆ. ಅಲ್ಲಿಂದ ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಕಾಲೇಜಿನ ವೇದಿಕೆ ಕಾಲ ಕೆಳಗೆ ಬಂದಂತಾಯಿತು. ಮಾತು ತಾನಾಗಿ ಹರಿಯಿತು. ಜೇಬಿನಲ್ಲಿ ಫೋನು ಮತ್ತೆ ಮತ್ತೆ ನಡುಗುತ್ತಿತ್ತು, ಅಭಿಮಾನಿಗಳ ಮೆಚ್ಚುಗೆಯೆಂದು ಭಾವಿಸಿದೆ. ಯಾರೋ ತೋಳು ಎಳೆದರು. “ಸಾರ್, ಬಸ್ಸು ಬಂತು.” “ಮೂರನೆಯ ಅಂಶಕ್ಕೆ ಬರುತ್ತಿದ್ದೇನೆ,” ಎಂದೆ, ಮೈಕಿನಲ್ಲಿಯೇ. ಕೊನೆಗೆ ಹಸನಾಕ ಮೈಕನ್ನು ಕಿತ್ತುಕೊಂಡು ನನ್ನನ್ನು ತಿರುಗಿಸಿ ನಿಲ್ಲಿಸಿದರು. ಬೆನ್ನ ಹಿಂದೆ ಆರೂ ಜನ ಜರ್ಸಿ ತೊಟ್ಟು, ಸಾಲಾಗಿ ನಿಂತು, ಬೆವರು ಆರಿ ಚಳಿಗೆ ಮೈ ಉಜ್ಜಿಕೊಳ್ಳುತ್ತಿದ್ದರು. ಫೋನು ನೋಡಿದರೆ ಎಲ್ಲವೂ ಮನೆಯಲ್ಲಿ ಕುಳಿತು ಲೈವ್ ನೋಡುತ್ತಿದ್ದ ಸುಧಾಳ ಸಂದೇಶಗಳು: “ಹುಡುಗರು ಬಂದಾಯ್ತು. ಹಿಂದೆ ತಿರುಗಿ. ದಯವಿಟ್ಟು ತಿರುಗಿ.”

ಪಂದ್ಯ ಕೊನೆಯ ಸೆಟ್ಟಿನವರೆಗೂ ಹೋಯಿತು. ನಮ್ಮವರು ಸೋತರು, ಆದರೆ ಆಡಿ ಸೋತರು, ಬ್ಯಾನರುಗಳ ಮುಂದೆಯೇ ಸೋತರು. ಹೋಟೆಲಿನವರು ಎಲ್ಲರಿಗೂ ಚಾ ಕಳಿಸಿದರು. ಮರುದಿನ ಕಿರಣ್ ಫೋನು ಮಾಡಿ ಇಡೀ ಸೀಸನ್ ಪ್ರಸಾರ ಮಾಡುವುದಾಗಿ ಹೇಳಿದ. ಭಾನುವಾರದ ಕಷ್ಟವನ್ನು ಹೇಳಿಕೊಂಡಾಗ ಅವನು, “ಅದಕ್ಕೇನು ಸಾರ್, ಶುಕ್ರವಾರ ಸಂಜೆ ದೊಡ್ಡ ಲೀಗಿನ ಮ್ಯಾಚ್ ಶುರುವಾಗೋವರೆಗೂ ಕ್ಯಾಮೆರಾ ಸುಮ್ನೆ ಕೂತಿರುತ್ತೆ. ಅವತ್ತು ವೀಡಿಯೊ ಕಾಲ್‌ನಲ್ಲೇ ಹೇಳೋಣ ಅಂತಿದ್ದೆ, ನಿಮ್ಮ ಮಾತು ಮುಗಿಯಲಿ ಅಂತ ಕಾಯ್ತಾ ಕೂತೆ,” ಎಂದ.

ಈಗ ಪ್ರತಿ ಶುಕ್ರವಾರ ನಾನೂ ಬಯಲಿಗೆ ಹೋಗುತ್ತೇನೆ. ಲೀಗನ್ನು ಉಳಿಸಿದವನೆಂದು ಮುಂದಿನ ಸಾಲಿನಲ್ಲಿ ನನಗೊಂದು ಖಾಯಂ ಕುರ್ಚಿಯಿದೆ. ಹಸನಾಕರೇ ಅದಕ್ಕೆ ಜಾಗ ಗೊತ್ತುಮಾಡಿದರು. ಟೇಪು ಹಿಡಿದು ಮೈಕಿನ ವೈರನ್ನು ಒಂದಲ್ಲ, ಎರಡು ಸಲ ಅಳೆದು, ಅದು ತಲುಪದಷ್ಟು ದೂರದಲ್ಲಿ.