ಒಣಗಬಾರದ ಶಾವಿಗೆ

ಮೊರದಲ್ಲಿ ಒಣಗುತ್ತಿದ್ದ ಶಾವಿಗೆಯನ್ನು ಕಂಡು ಗಂಡಸೊಬ್ಬ ಎದೆ ಬಡಿದುಕೊಂಡದ್ದನ್ನು ಕಂದಿಕೆರೆಯವರು ಹಿಂದೆಂದೂ ನೋಡಿರಲಿಲ್ಲ.

ತಪ್ಪು ಕರಿಯಕ್ಕನದು ಎನ್ನುವಂತೆಯೂ ಇರಲಿಲ್ಲ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದಾಗ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಬೆಳ್ಳಗೆ, ಎಳೆ ಎಳೆಯಾಗಿ ಏನೋ ನೆನೆದಿತ್ತು. ಅವಳ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಡಬ್ಬಿಯಲ್ಲಿ ಇದ್ದದ್ದೂ ಪೊರೆಯೇ ಎಂದು ಅವಳಿಗೆ ಹೇಳುವವರು ಯಾರು? ಸೊಸೆ ವನಜಾ ಶಾವಿಗೆ ಮರೆತು ತವರಿಗೆ ಹೋಗಿದ್ದಾಳೆ ಎಂದುಕೊಂಡು, ನೀರು ಚೆಲ್ಲಿ, ಮೊರಕ್ಕೆ ಹರವಿ, ಅಂಗಳದ ಬಿಸಿಲಿಗಿಟ್ಟಳು.

"ಅವ್ವಾ! ಅದು ಮಿಷಿನ್ದು ಕಣವ್ವಾ!" ಸ್ನಾನ ಮುಗಿಸಿ ಬಂದ ಮಗ ಚಿತ್ತೇಶ್ ಟವೆಲಿನಲ್ಲೇ ಅಂಗಳಕ್ಕೆ ಹಾರಿದ.

"ಮಿಷಿನ್ನಲ್ಲಿ ಒತ್ತಿದ್ದೇನ್ಲಾ? ಅದ್ಕೇ ಇಷ್ಟು ಗಟ್ಟಿ. ನಾನು ಒಂದೆಳೆ ಕಡಿದು ನೋಡ್ದೆ, ಹಲ್ಲೇ ಅಲ್ಲಾಡ್ತು."

ಚಿತ್ತೇಶ್ ಚಿಕ್ಕನಾಯಕನಹಳ್ಳಿ ರಸ್ತೆಯ ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ ಬಾಯ್ಲರ್ ಕೆಲಸದವನು. ಪುಡಿ ಒಣಗಿಸುವ ಹಬೆಗಾಗಿ ದಿನವಿಡೀ ಬೆಂಕಿಗೆ ತೆಂಗಿನ ಮಟ್ಟೆ ತಳ್ಳಿ ತಳ್ಳಿ ಅವನ ಹುಬ್ಬಿನ ಕೂದಲು ಗೇಣಿಗೆ ಕೊಟ್ಟ ಹೊಲದಂತೆ ಅಲ್ಲಲ್ಲಿ ಮಾತ್ರ ಉಳಿದಿತ್ತು. ಕಾಯಿ ಒಡೆದಾಗ ಬರುವ ನೀರನ್ನು ಮಾಲೀಕ ಬಸವರಾಜಪ್ಪನವರು ಇಷ್ಟು ವರ್ಷ ಚರಂಡಿಗೆ ಬಿಡುತ್ತಿದ್ದರು. ಕುದಿಸಿ ಇಟ್ಟರೆ ಕೆಡುವುದಿಲ್ಲ, ಆದರೆ ರುಚಿ ಸಾಯುತ್ತದೆ, ಸೌದೆಯೂ ದಂಡ. ಈಗ ಹೊಸ ಯಂತ್ರ ಬಂದಿತ್ತು. ಅದರೊಳಗೆ ನೀರು ಸೋಸುವ ಪೊರೆ: ಪಾಲಿಮರ್ ಎಳೆಗಳು, ಒಳಗೆಲ್ಲ ಟೊಳ್ಳು, ಮೈತುಂಬ ಕಣ್ಣಿಗೆ ಕಾಣದ ತೂತು. ನೀರು ಮಾತ್ರ ಒಳಕ್ಕೆ ನುಸುಳುತ್ತದೆ. ಜಿಡ್ಡು, ಚೂರು, ಹುಳಿ ಹಿಡಿಸುವ ಕ್ರಿಮಿ ಎಲ್ಲ ಹೊರಗೇ ನಿಲ್ಲುತ್ತವೆ. ಬೆಂಕಿಯ ಮಾತೇ ಇಲ್ಲ.

ಇವತ್ತು ಹನ್ನೆರಡಕ್ಕೆ ಬೆಂಗಳೂರಿನ ಪಾನೀಯದ ಕಂಪನಿಯಿಂದ ಗಾನವಿ ಎಂಬ ಮೇಡಂ ನೋಡಲು ಬರುವವರಿದ್ದರು. "ನೀರು ಚೆನ್ನಾಗಿ ಬಂದ್ರೆ ಆ ಮಿಷಿನ್ನಿಗೆ ನೀನೇ ಇನ್‌ಚಾರ್ಜು," ಎಂದಿದ್ದರು ಬಸವರಾಜಪ್ಪ. ಫ್ಯಾನಿನ ಕೆಳಗೆ, ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ! ಫ್ಯಾಕ್ಟರಿಯ ಬೋರ್‌ವೆಲ್ ನೀರು ಗಡಸು ಎಂದು, ಪ್ರಯೋಗಕ್ಕೆ ಹಾಕಿದ್ದ ಹಳೆಯದರ ಬದಲಿಗೆ ಬಂದ ಹೊಸ ಪೊರೆಯನ್ನು ಕುಡಿಯುವ ನೀರಿನಲ್ಲಿ ನೆನೆಸಲು ಮನೆಗೆ ತಂದದ್ದೇ ಮುಳುವಾಯಿತು. 'ಒಣಗಿದರೆ ತೂತು ಮುಚ್ಚಿಕೊಳ್ಳುತ್ತೆ, ಜೋಪಾನ' ಎಂದು ಎಂಜಿನಿಯರ್ ರಂಗನಾಥ್ ಮೂರು ಸಲ ಹೇಳಿದ್ದ.

ಫೋನಿನಲ್ಲಿ ರಂಗನಾಥ್ ನಿಟ್ಟುಸಿರು ಬಿಟ್ಟ. "ಇನ್ನೂ ತೇವ ಇದೆಯಾ? ಹಾಗಾದ್ರೆ ಜೀವ ಇದೆ. ಅರ್ಧ ಗಂಟೆ ಆಲ್ಕೋಹಾಲಲ್ಲಿ ಮುಳುಗಿಸಿ, ಆಮೇಲೆ ಚೆನ್ನಾಗಿ ತೊಳೀರಿ. ಮೆಡಿಕಲ್ ಸ್ಟೋರಿನ ಸ್ಪಿರಿಟ್ ಬೇಡ, ಇದು ಕುಡಿಯೋ ಪದಾರ್ಥದ ಮಿಷಿನ್. ಕುಡಿಯೋವಂಥದ್ದೇ ಹಾಕಿ."

"ಅಷ್ಟೇ ತಾನೆ? ಬುಡಿ ಸಾರ್, ಆಯ್ತು ಅನ್ಕಳಿ," ಎಂದ ಚಿತ್ತೇಶ್. ಧೈರ್ಯ ಅವನಿಗೆ ಯಾವತ್ತೂ ಕಡಿಮೆಯಾದದ್ದಿಲ್ಲ.

ಬೇಲಿಯಾಚೆಯಿಂದ ಅಂಗಳದ ಗಲಾಟೆಯನ್ನಷ್ಟೇ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಜುಂಜಣ್ಣ ಕರೆಯದೆಯೇ ಬಂದು ಬೈಕಿನ ಹಿಂದೆ ಕೂತ. "ಡಬ್ಬಿ ಹಿಡ್ಕಳಾಕೆ ಒಬ್ರು ಬೇಕಲ್ಲಪ್ಪ. ನಾನ್ ಬತ್ತೀನಿ ನಡಿ."

ಬ್ರಾಂದಿ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಹತ್ತೂವರೆ. ಮೊದಲ ಗಿರಾಕಿ ಚಿತ್ತೇಶನೇ.

"ಯಾವ್ದು ಕೊಡ್ಲಿ?"

"ಬಣ್ಣ ಇಲ್ದಿರೋದು. ಮೂರು ಲೀಟ್ರು."

ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. "ಒಬ್ನಿಗೇನಾ?"

"ನಂಗಲ್ಲಪ್ಪ. ಒಣಗೋಗೈತೆ, ನೆನೆಸ್ಬೇಕು."

"ಎಲ್ರೂ ಹಂಗೇ ಹೇಳಾದು," ಎಂದು ಅವನು ಬಾಟಲಿಗಳನ್ನು ಕಟ್ಟಿಕೊಟ್ಟ.

ಹೊರಗೆ ನಿಂತಿದ್ದ ಜುಂಜಣ್ಣನಿಗೆ ಮಾತ್ರ ಬೇರೆಯೇ ಯೋಚನೆ ಬಂತು. ಹುಡುಗ ಮಿಷಿನ್ ಕೆಟ್ಟ ದುಃಖದಲ್ಲಿ ಏನಾದರೂ ಮಾಡಿಕೊಂಡರೆ? ಒಳ್ಳೆಯ ಮನಸ್ಸಿನಿಂದಲೇ ಫ್ಯಾಕ್ಟರಿಗೆ ಫೋನ್ ಮಾಡಿದ. "ಸಾವ್ಕಾರ್ರೇ, ಚಿತ್ತೇಶ ಬ್ರಾಂದಿ ಅಂಗ್ಡಿಗೆ ಹೊಕ್ಕವ್ನೆ. ಮೂರು ಲೀಟ್ರು ತಗಂಡ. ಬೈಬ್ಯಾಡಿ, ಬುದ್ಧಿ ಹೇಳಿ."

ಬಸವರಾಜಪ್ಪನವರು ವಿಭೂತಿ ಇಡದೆ ಹೊಸ್ತಿಲು ದಾಟದ ಮನುಷ್ಯ. ಹೆಂಡ ಎಂಬ ಪದ ಕಿವಿಗೆ ಬಿದ್ದರೂ ಮುಖ ತೊಳೆಯುವವರು. ಬೈಕು ಗೇಟಿನೊಳಗೆ ಬಂದಾಗ ಅವರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ದಾರಿಯಲ್ಲೇ ಬಾಟಲಿಗಳನ್ನೆಲ್ಲ ಡಬ್ಬಿಗೆ ಸುರಿದು ಪೊರೆ ಮುಳುಗಿಸಿದ್ದರಿಂದ ಚಿತ್ತೇಶನ ಮೊಣಕೈವರೆಗೂ ಘಾಟು.

"ಉಸ್ರು ಬುಡು," ಎಂದರು ಬಸವರಾಜಪ್ಪ.

"ಸಾವ್ಕಾರ್ರೇ, ಇದು ಪೊರೆಗೆ—"

"ಮೊದ್ಲು ಉಸ್ರು ಬುಡು!"

ಬಿಟ್ಟ. ಬರೀ ಹಸಿ ಈರುಳ್ಳಿ. ಅವರು ಇನ್ನೂ ಗೊಂದಲದಲ್ಲಿರುವಾಗಲೇ ಹಿಂದೆ ನಿಂತಿದ್ದ ಜುಂಜಣ್ಣ ದೊಡ್ಡದಾಗಿ ತೇಗಿದ. ಕುಲುಕಾಟಕ್ಕೆ ಡಬ್ಬಿ ಚೆಲ್ಲೀತೆಂದು ದಾರಿಯುದ್ದಕ್ಕೂ ಅವನು ಮೇಲಿಂದ ಮೇಲಿಂದ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬಂದಿದ್ದ.

ಮುಂದಿನ ಮುಕ್ಕಾಲು ಗಂಟೆ ವಿಚಾರಣೆಗೇ ಹೋಯಿತು. ಚಿತ್ತೇಶ್ ರಂಗನಾಥನಿಗೆ ಫೋನ್ ಹಚ್ಚಿದರೆ ಅವನದು ಸ್ವಿಚ್ ಆಫ್. ಜುಂಜಣ್ಣ ಸಾಕ್ಷಿ ಹೇಳಲು ಬಂದು ಸಾಹುಕಾರರ ಕಾಲು ಹಿಡಿದು ಅಳತೊಡಗಿದ. ಅಷ್ಟರಲ್ಲಿ ಗೇಟಿನಲ್ಲಿ ಬಿಳಿ ಕಾರು ಬಂದು ನಿಂತಿತು.

ಚಿತ್ತೇಶ್ ಯಂತ್ರದ ಕೋಣೆಗೆ ಓಡಿದ. ಅಲ್ಲಿ ಕಾಯಿಯ ಕಪ್ಪು ಸಿಪ್ಪೆ ಹೆರೆಯುವ ಲಕ್ಷ್ಮಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ನೀನು ಅಲ್ಲಿ ಬೈಸ್ಕಂತಿದ್ದೆ, ಹೊತ್ತಾಗ್ತಿತ್ತು," ಎಂದಳು. "ಡಬ್ಬಿ ಎತ್ಕಂಡ್ ಬಂದು, ನೀನು ಅವ್ರಿಗೆ ಹೇಳ್ತಿದ್ದಂಗೇ, ಮೇಡಂಗೆ ತರ್ಸಿದ್ದ ಕ್ಯಾನಿನ ನೀರಲ್ಲಿ ಏಳು ಸಲ ತೊಳ್ದೆ. ವಾಸ್ನೆ ಹೋಯ್ತು. ನೀನು ಹಳೇದು ಬಿಚ್ಚಿದ್ದು ನೋಡಿದ್ನಲ್ಲ, ಹಂಗೇ ಸಿಕ್ಕಿಸ್ದೆ."

ಬೈಯಲು ಸಮಯವಿರಲಿಲ್ಲ. ಮೇಡಂ, ಸಾಹುಕಾರರು ಒಳಗೆ ಬಂದೇ ಬಿಟ್ಟರು. ಚಿತ್ತೇಶ್ ಗುಂಡಿ ಒತ್ತಿದ. ಮೋಟರು ಗುಂಯ್ ಎಂದಿತು. ಒಂದು ತುದಿಯಲ್ಲಿ ಅಕ್ಕಿ ತೊಳೆದ ಕಲಗಚ್ಚಿನಂಥ ಕಾಯಿನೀರು. ಇನ್ನೊಂದು ತುದಿಯ ನಲ್ಲಿ ಒಣಗಿತ್ತು. ಬಸವರಾಜಪ್ಪನವರ ಹುಬ್ಬು ಏರಿತು. ಚಿತ್ತೇಶನ ಬೆನ್ನ ಮೇಲೆ ಬೆವರು ಇರುವೆ ಸಾಲಿನಂತೆ ಇಳಿಯಿತು. ತೊಟ್ಟು. ಇನ್ನೊಂದು ತೊಟ್ಟು. ಆಮೇಲೆ ಗಾಜಿನ ಕಡ್ಡಿಯಂಥ ತಿಳಿಧಾರೆ!

ಗಾನವಿ ಲೋಟ ಹಿಡಿದು ಗುಟುಕರಿಸಿದರು. "ಈಗ ತಾನೇ ಒಡೆದ ಕಾಯಿ ಥರ ಇದೆ! ಕರೆಂಟು ಎಷ್ಟು?"

ಚಿತ್ತೇಶನಿಗೆ ಹೋದ ಜೀವ ಎರಡರಷ್ಟಾಗಿ ಬಂತು. "ಒಂದು ಮಿಕ್ಸಿಗಾಗೋವಷ್ಟು ಮೇಡಂ! ಸೌದೆ ಇಲ್ಲ, ಹೊಗೆ ಇಲ್ಲ, ಬೂದಿ ಇಲ್ಲ!"

"ನಡೆಸೋದು ಕಷ್ಟಾನಾ? ಎಕ್ಸ್‌ಪರ್ಟ್ ಬೇಕಾಗುತ್ತಾ?"

"ಏನ್ ಕಷ್ಟ ಮೇಡಂ? ಒಂದು ಗುಂಡಿ, ಒಂದು ನಲ್ಲಿ. ಸಿಪ್ಪೆ ಹೆರಿಯೋ ನಮ್ಮ ಲಕ್ಷ್ಮಕ್ಕನೂ ನಡೆಸ್ತಾಳೆ. ಬೇಕಾದ್ರೆ ನೋಡಿ!"

ಲಕ್ಷ್ಮಕ್ಕ ಕೈ ಒರೆಸಿಕೊಂಡು ಮುಂದೆ ಬಂದಳು. ನಿಲ್ಲಿಸಿದಳು, ಪೊರೆ ತೊಳೆಯುವ ನೀರು ಹಾಯಿಸಿದಳು, ಮತ್ತೆ ಶುರು ಮಾಡಿದಳು. ಧಾರೆ ಮೊದಲಿಗಿಂತ ಚೂರು ದಪ್ಪವಾಗಿಯೇ ಬಂತು. ಗಾನವಿ ಚಪ್ಪಾಳೆ ತಟ್ಟಿ, ದಿನಕ್ಕೆ ಈಗಿನ ಎರಡರಷ್ಟು ನೀರು ಬೇಕೆಂದು ಹೇಳಿ, ಕಾರು ಹತ್ತಿದರು.

ಬಸವರಾಜಪ್ಪನವರು ಚಿತ್ತೇಶನ ಹೆಗಲ ಮೇಲೆ ಕೈ ಹಾಕಿದರು. "ನಿನ್ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತು ಕಣಪ್ಪ. ಅಂದಂಗೆ, ನೀನಂದಿದ್ದೇ ಸರಿ. ಇಷ್ಟು ಸುಲಭದ ಕೆಲ್ಸಕ್ಕೆ ನಿನ್ನಂಥ ಗಟ್ಟಿ ಆಳು ಯಾಕೆ? ನಾಳೆಯಿಂದ ಮಿಷಿನ್ನಿಗೆ ಲಕ್ಷ್ಮಕ್ಕನೇ ಇನ್‌ಚಾರ್ಜು."

"ಸಾವ್ಕಾರ್ರೇ... ನಾನು?"

"ನೀರು ಎರಡರಷ್ಟು ಬೇಕು ಅಂದ್ರೆ ಕಾಯಿ ಎರಡರಷ್ಟು ಒಡೀಬೇಕು. ಕಾಯಿ ಒಡೆದ ಮೇಲೆ ಪುಡಿ ಒಣಗಿಸ್ಬೇಕಲ್ಲ? ಬಾಯ್ಲರ್ ಇನ್ಮೇಲೆ ಎರಡು ಪಾಳಿ. ಬೇರೆಯವ್ರನ್ನ ನಾನು ನಂಬಕಿಲ್ಲ."

ಚಿತ್ತೇಶ್ ಬಾಯ್ಲರಿನ ಬಾಗಿಲು ತೆಗೆದು ಮೊದಲ ಮಟ್ಟೆ ತಳ್ಳುವಷ್ಟರಲ್ಲಿ ತವರಿನಿಂದ ವನಜಾಳ ಫೋನ್ ಬಂತು.

"ಏನ್ರೀ, ಮೇಡಂ ಒಪ್ಪಿದ್ರಾ? ನಿಮ್ ಕೆಲ್ಸ ಏನಾಯ್ತು?"

ಚಿತ್ತೇಶ್ ಹುಬ್ಬಿನ ಮೇಲಿನ ಬೂದಿ ಒರೆಸಿಕೊಂಡು ಎದೆಯುಬ್ಬಿಸಿದ.

"ಡಬ್ಬಲ್ ಆಯ್ತು ಕಣೇ!"