ಮುಖಪಾಲನೂ ನನ್ನ ತುರುಬೂ

ನಮ್ಮ ಯಜಮಾನರು ಕರಿಬಸಪ್ಪನವರು ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಬೇಕಾದಷ್ಟು ಯಂತ್ರ ಕಂಡುಹಿಡಿದಿದ್ದಾರೆ. ಉಳಿದವೆಲ್ಲ ಸಿಟ್ಟು ತರಿಸಿದವು, ಅಳಿಸಿದ್ದು ಇದೊಂದೇ. ಹೆಸರು ಮುಖಪಾಲ. ಮುಂಬಾಗಿಲಿಗೊಂದು ಕ್ಯಾಮೆರಾ. ಮನೆಯವರಾದ ನಮ್ಮಿಬ್ಬರ ಮುಖ ಕಂಡರೆ ಬಾಗಿಲು ತಾನೇ ತೆರೆಯಬೇಕು, ಬೇರೆಯವರು ಜಪ್ಪಯ್ಯ ಅಂದರೂ ತೆರೆಯಬಾರದು. ಇನ್ನೇಕೆ ಬೇಕೆಂದು ಬೀಗವನ್ನೂ ಕಿತ್ತುಹಾಕಿದರು.

"ಮುಖದ ಮಟ್ಟಕ್ಕೆ ಹಾಕ್ರೀ," ಎಂದೆ. ಅಷ್ಟು ಕೆಳಗಿದ್ದರೆ ಕಳ್ಳ ಕಿತ್ತುಕೊಂಡು ಹೋಗುತ್ತಾನೆ ಎಂದು ಇವರು ಏಣಿ ಹತ್ತಿ ಸಜ್ಜಾದ ಕೆಳಗೆ ಬಿಗಿದರು. ಯಾರೂ ಎದುರು ನಿಂತು ಫೋಟೊ ಕೊಡಬೇಕಿಲ್ಲ, ಒಂದು ವಾರ ಬಿಟ್ಟರೆ ತಾನೇ ನೋಡಿ ಕಲಿಯುತ್ತದೆ ಎಂದು ಕೇರಿಗೆಲ್ಲ ಹೇಳಿಕೊಂಡು ಬಂದರು.

ವಾರ ಕಳೆದು ಪ್ರದರ್ಶನ. ಎದುರುಮನೆ ಹಾಲಮ್ಮನೂ ಬಂದಳು. ಇವರು ಗದ್ದ ಎತ್ತಿ ನಿಂತರು. "ಸ್ವಾಗತ, ಯಜಮಾನರೇ," ಎಂದು ಬಾಗಿಲು ತೆರೆಯಿತು. ನಾನೂ ಗದ್ದ ಎತ್ತಿದೆ. "ಅಪರಿಚಿತರು," ಎಂದಿತು. ಸೆರಗು ಸರಿಮಾಡಿಕೊಂಡೆ, ನಕ್ಕೆ, ಕನ್ನಡಕ ತೆಗೆದೆ. ಊಹುಂ. ಸಾಕಾಗಿ, ಮೂಲೆಯ ಪೊರಕೆ ತೆಗೆದುಕೊಳ್ಳಲು ಬಗ್ಗಿದೆ ನೋಡಿ, "ಸ್ವಾಗತ, ಮನೆಯೊಡತಿ!"

ಕಾರಣ ಇವರೇ ವಿವರಿಸಿದರು. ಬಾಗಿಲಲ್ಲಿ ನಾನು ಗುಡಿಸುತ್ತೇನೆ, ನೀರು ಹಾಕುತ್ತೇನೆ, ರಂಗೋಲಿ ಬಿಡುತ್ತೇನೆ, ಇವರ ಚಪ್ಪಲಿ ಜೋಡಿಸುತ್ತೇನೆ. ವಾರವಿಡೀ ಯಂತ್ರಕ್ಕೆ ಕಂಡದ್ದು ನನ್ನ ತುರುಬು. ಅದನ್ನೇ ಮುಖವೆಂದು ಕಲಿತಿದೆ. ಮತ್ತೆ ಕಲಿಸಿ ಎಂದು ಗೋಗರೆದೆ.

"ಬಗ್ಗಿದ್ರಾತು ಬಿಡೆ. ಹೆಂಗೂ ಬಗ್ಗೇ ಇರ್ತೀಯಲ್ಲ," ಎಂದರು.

ನನ್ನ ಮನೆಗೆ ನಾನೇ ನೆಲ ನೋಡುತ್ತಾ ಹೋಗುವ ಬಾಳಾಯಿತು.

ಗೌರಿ ಹಬ್ಬ ಬಂತು. ಗಂಗೆ ಪೂಜೆ ಮಾಡಿ, ತುಂಬಿದ ಕೊಡ ಹೊತ್ತು ಬಂದೆ. ಹಿಂದೆ ಇವರು ಜಾಗಟೆ ಬಾರಿಸುತ್ತಾ ಬಂದರು. ಗೌರಿಯ ಮುಂದೆ ಇಳಿಸುವವರೆಗೆ ಕೊಡ ನೆಲ ಮುಟ್ಟುವಂತಿಲ್ಲ, ನೀರು ತುಳುಕುವಂತಿಲ್ಲ, ಬೇರೆಯವರ ಕೈಗೆ ಕೊಡುವಂತೆಯೂ ಇಲ್ಲ. ಬಗ್ಗುವುದು ಹೇಗೆ? ಇವರು ಮುಂದೆ ಬಂದು ಗದ್ದ ಎತ್ತಿದರು. ಹಬ್ಬವೆಂದು ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದರು. "ಅಪರಿಚಿತರು," ಎಂದಿತು. ಹಬ್ಬದ ದಿನ ವಿಭೂತಿ ಒರೆಸುವುದುಂಟೇ? ಹಾಲಮ್ಮ ನನ್ನ ಬದಲು ಬಗ್ಗಿ ನೋಡಿದಳು. ಅವಳದು ಮೋಟುಜಡೆ, ಯಂತ್ರ ಒಪ್ಪಲಿಲ್ಲ. ಒಳಗೆ ದೀಪ ಉರಿಯುತ್ತಿದೆ, ಗೌರಿ ಕಾಯುತ್ತಿದ್ದಾಳೆ, ನನ್ನ ಸೊಂಟ ಬಿದ್ದುಹೋಗುತ್ತಿದೆ. ನನಗೆ ಅಳು ಬಂತು.

ಇಂಥ ಹೊತ್ತಿಗೆಂದು ಇವರು ಒಂದು ಉಪಾಯ ಇಟ್ಟಿದ್ದರಂತೆ. ಜಾಗಟೆ ಕೆಳಗಿಟ್ಟು ಒಂದು ಗುಂಡಿ ಒತ್ತಿದರು.

"ಮನೆಯೊಡತಿಯ ಮುಖದ ಗುರುತು ಹೇಳಿ," ಎಂದಿತು ಯಂತ್ರ.

ನನ್ನ ಬಲಗೆನ್ನೆಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ಮಚ್ಚೆಯಿದೆ. ಹೆಣ್ಣು ನೋಡಲು ಬಂದ ದಿನ ಇವರ ತಾಯಿ ಅದನ್ನೇ ಲಕ್ಷಣ ಎಂದಿದ್ದರು. ಇವರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಹಾಲಮ್ಮ ತನ್ನ ಕೆನ್ನೆ ಮುಟ್ಟಿ ಮುಟ್ಟಿ ಸನ್ನೆ ಮಾಡಿದಳು. ಮುಚ್ಚಿದ ಕಣ್ಣಿಗೆ ಅದೆಲ್ಲಿ ಕಾಣಬೇಕು?

"ದೊಡ್ಡ ತುರುಬು," ಎಂದರು.

"ಸರಿಯಾಗಿದೆ," ಎಂದು ಬಾಗಿಲು ತೆರೆಯಿತು.

ಕೊಡ ಇಳಿಸಿದೆ, ಗೌರಿಯನ್ನು ಕೂರಿಸಿದೆ, ಆಮೇಲೆ ಅಡುಗೆಮನೆಗೆ ಹೋಗಿ ಮನಸಾರೆ ಅತ್ತುಬಿಟ್ಟೆ. ಮರುದಿನ ಇವರು ತಾವಾಗಿಯೇ ಏಣಿ ಹತ್ತಿ ಕ್ಯಾಮೆರಾ ಬಿಚ್ಚಿ, ನನ್ನ ಮುಖದ ಮಟ್ಟಕ್ಕೆ ತಂದು ಕೂರಿಸಿದರು. ಅದೀಗ ಮಚ್ಚೆ ಸಮೇತ ನನ್ನನ್ನು ಗುರುತಿಸುತ್ತದೆ. ಇವರನ್ನು ಎಲ್ಲಿ ಕೂರಿಸಿದರೆ ಸರಿಹೋಗುತ್ತದೋ, ಅದು ಮಾತ್ರ ಇನ್ನೂ ತಿಳಿದಿಲ್ಲ.